ಪಿಶಿಯ ಒಲೆ

ಮಲಗಿದವರನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೀಗೆ ಹೇಳಿದಾಗಲೆಲ್ಲ ಮಸ್ಕಿಯಲ್ಲಿರುವ ನನ್ನಕ್ಕ, ಹಾಗಾದರೆ ನಿನ್ನನ್ನು ನೋಡಿಕೊಳ್ಳುವವರು ಯಾರೇ ಎಂದು ಕಾಡುತ್ತಾಳೆ. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಸಂಸ್ಥೆಗೆ ಒಂದು ಕೋಣೆಯಿದೆ. ಅಲ್ಲಿಂದ ನಾನು ಲಿಂಗಸುಗೂರು, ಮಸ್ಕಿ ಕಡೆಯ ಲಂಬಾಣಿ ತಾಂಡಾಗಳಿಗೆ, ಸಿಂಧನೂರಿನ ಆಚೆ ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಲಿಗಳ ಕ್ಯಾಂಪುಗಳಿಗೆ ಹೋಗುತ್ತೇನೆ. ಲಕ್ವ ಹೊಡೆದವರು, ಬೆನ್ನುಹುರಿಗೆ ಪೆಟ್ಟಾದವರು, ನೆನಪು ಕಳೆದುಕೊಂಡ ಮುದುಕರು ಇರುವ ಮನೆಗಳು ಅವು. ಅಂಥ ಮನೆಯಲ್ಲಿ ಉಚ್ಚೆ ಹೇಲು ಬಳಿದು, ಉಣಿಸಿ, ಮಗ್ಗುಲು ತಿರುಗಿಸಿ ಹೈರಾಣಾದ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಪಗಾರವಿಲ್ಲ, ರಜೆಯಿಲ್ಲ. ಅವರನ್ನು ಹುಡುಕಿ, ಸೊಂಟ ಹಿಡಿಯದಂತೆ ಎತ್ತುವುದನ್ನು ಕಲಿಸಿ, ಆಗೀಗ ಒಂದಿಷ್ಟು ಬಿಡುವು ಕೊಡಿಸಿ, ಅಂಥವರನ್ನೆಲ್ಲ ಒಂದೆಡೆ ಕೂಡಿಸುವುದು ನಮ್ಮ ಸೇವೆ. ಕನ್ನಡ ಮನೆಮಾತಾಗಿರುವವರ ಬಾಗಿಲನ್ನು ಯಾರಾದರೂ ತಟ್ಟುತ್ತಾರೆ, ಉಳಿದವರದನ್ನು ತಟ್ಟುವವರಿಲ್ಲ ಎಂಬ ಕಾರಣಕ್ಕೆ ನಾವು ತಾಂಡಾ ಮತ್ತು ಕ್ಯಾಂಪುಗಳನ್ನೇ ಆರಿಸಿಕೊಂಡಿದ್ದೆವು.

ಆರ್.ಎಚ್. ಕ್ಯಾಂಪಿನ ಆ ಮನೆಗೆ ನಾನು ಮೊದಲ ಸಲ ಹೋದಾಗ ನಾಟಿಯ ಹಂಗಾಮು ಶುರುವಾಗಿತ್ತು. ಕಾಲುವೆಗೆ ನೀರು ಬಿಟ್ಟಿದ್ದರು, ಮನೆಯ ಹಿತ್ತಲವರೆಗೂ ಗದ್ದೆ ತುಂಬಿ ನಿಂತಿತ್ತು. ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ನಲವತ್ತರ ಆಸುಪಾಸಿನ ಗಂಡಸು. ಭತ್ತದ ಚೀಲ ಹೇರುವಾಗ ಲಾರಿಯ ಮೇಲಿಂದ ಬಿದ್ದು ಕುತ್ತಿಗೆಗೆ ಪೆಟ್ಟಾಗಿತ್ತು. ಕಾಲುಗಳು ಹೋಗಿದ್ದವು. ತೋಳು ಅಷ್ಟಿಷ್ಟು ಮೇಲೇಳುತ್ತಿತ್ತು, ಬೆರಳು ಹಿಡಿಯುತ್ತಿರಲಿಲ್ಲ. ಬಾಲಮೂಳೆಯ ಮೇಲೆ ನನ್ನ ಹೆಬ್ಬೆರಳು ಇಳಿಯುವಷ್ಟು ಆಳದ ಹಾಸಿಗೆ ಹುಣ್ಣು. ಅದರ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯಿತು.

ಹೆಂಡತಿ ನನ್ನನ್ನು ಕೂಡಿಸಿ ಚಹಾ ಕೊಟ್ಟಳು. ಕ್ಯಾಂಪಿನ ಶಾಲೆಯಲ್ಲಿ ಕನ್ನಡ ಕಲಿತವಳು. ಅವಳ ಮಾತು ಕೇಳಿದರೆ ಸಿಂಧನೂರಿನ ಸಂತೆಯಲ್ಲಿ ಹುಟ್ಟಿದವಳೆನ್ನಬೇಕು, ಅಷ್ಟು ಲೀಲಾಜಾಲ. ನಮ್ಮ ಪದ್ಧತಿಯಂತೆ ಒಂದು ಮನೆಗೆ ಒಬ್ಬರೇ ಆರೈಕೆದಾರರು. ನೋಡಿಕೊಳ್ಳುವವರು ಯಾರು ಎಂದು ಕೇಳಿದೆ. ನಾನೇ ಹೆಂಡತಿ ಎಂದಳು. ನನಗದು ಉತ್ತರವೆನಿಸಿತು. ಮಂಚದ ಮೇಲಿನವನೂ ಕನ್ನಡ ಬಲ್ಲವನೇ, ಆದರೂ ಅವನು ಸುಮ್ಮನೆ ಚಾವಣಿ ನೋಡುತ್ತಿದ್ದ.

ಮನೆಯ ಹಿಂದೆ ಒಂದು ಗುಡಿಸಲಿತ್ತು. ಅಲ್ಲಿ ಅವನ ಪಿಶಿ ಇದ್ದಾಳೆ ಎಂದರು. ತಂದೆಯ ತಂಗಿಯನ್ನು ಅವರು ಪಿಶಿ ಎನ್ನುತ್ತಾರೆ. ಸಣ್ಣ ವಯಸ್ಸಿಗೇ ಗಂಡ ಸತ್ತು ಅಣ್ಣನ ಮನೆ ಸೇರಿದವಳು, ತಾಯಿಯಿಲ್ಲದ ಈ ಹುಡುಗನನ್ನು ಸಾಕಿದವಳು. ಈಗ ಎಪ್ಪತ್ತರ ಹತ್ತಿರ. ಪಿಶಿಗೆ ಮಡಿಯ ಹುಚ್ಚು, ಹಗಲೆಲ್ಲ ಮೈಮೇಲೆ ನೀರು ಸುರಿದುಕೊಳ್ಳುತ್ತಾಳೆ, ಪರರೆದುರು ಬರುವುದಿಲ್ಲ ಎಂದು ಹೆಂಡತಿ ನಗುತ್ತ ಹೇಳಿದಳು. ಹಿತ್ತಲ ತಂತಿಯ ಮೇಲೆ ಬಿಳಿ ಸೀರೆಗಳು ನೀರಿಳಿಸುತ್ತ ನೇತಾಡುತ್ತಿದ್ದವು. ನನಗೇನೂ ವಿಚಿತ್ರವೆನಿಸಲಿಲ್ಲ. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು. ಮಡಿಯವರ ತಂಟೆಗೆ ಹೋಗಬಾರದೆಂಬುದು ನಮ್ಮ ಮನೆಯ ಮೊದಲ ಪಾಠ.

ಹಾಗಾಗಿ ಕಲಿಸಿದ್ದೆಲ್ಲ ಹೆಂಡತಿಗೆ. ನೀರು ಕುದಿಸಿ ಉಪ್ಪು ಹಾಕಿ ಆರಿಸಿ ಹುಣ್ಣು ತೊಳೆಯುವುದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಅದೂ ಪೂರಾ ಪಕ್ಕಕ್ಕೆ ಹೊರಳಿಸದೆ, ಬೆನ್ನಿನ ಹಿಂದೆ ದಿಂಬು ಕೊಟ್ಟು ಅರ್ಧ ವಾಲಿಸುವುದು. ಎಳೆದರೆ ತೊಗಲು ಹರಿಯುತ್ತದೆ, ಆದ್ದರಿಂದ ಮಡಚಿದ ಹಳೆಯ ಸೀರೆಯನ್ನು ಸೊಂಟದಡಿ ಹಾಸಿ ಅದರಿಂದಲೇ ಎತ್ತಬೇಕು. ಅವಳು ತಲೆಯಾಡಿಸುತ್ತಿದ್ದಳು. ಮುಂದಿನ ಭೇಟಿಗೆ ಬಂದಾಗ ಒಳ್ಳೊಳ್ಳೆಯ ಪ್ರಶ್ನೆ ಕೇಳುತ್ತಿದ್ದಳು. ಎಡಕ್ಕೆ ವಾಲಿಸಿದಾಗ ಹಿಮ್ಮಡಿ ಕೆಂಪಾಗುತ್ತದೆ, ಏನು ಮಾಡಲಿ? ತೊಳೆಯುವಾಗ ರಕ್ತ ಬಂದರೆ ಬಿಡಬೇಕೋ ಒತ್ತಬೇಕೋ? ಇಷ್ಟು ಗಮನವಿಟ್ಟು ನೋಡುವ ಹೆಂಡತಿ ಊರಿಗೊಬ್ಬಳಿದ್ದರೆ ನನ್ನ ಕೆಲಸ ಅರ್ಧ ಕಡಿಮೆ ಎಂದುಕೊಂಡೆ.

ಹುಣ್ಣು ತುಂಬಬೇಕಾದರೆ ಮೈಗೆ ಸತ್ವ ಬೇಕು. ಅವನು ದಿನಕ್ಕೆ ಎರಡೇ ಸಲ ಉಣ್ಣುತ್ತಿದ್ದ, ಅದೂ ನಾಲ್ಕು ತುತ್ತಿಗೆ ಸಾಕೆನ್ನುತ್ತಿದ್ದ. ಒಂದೇ ಸಲಕ್ಕೆ ಹೊಟ್ಟೆ ತುಂಬ ಬೇಡ, ಮಗ್ಗುಲು ಬದಲಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ಕೊಡಿ ಎಂದೆ. ಬೆನ್ನು ಎತ್ತರಿಸಿ ಕೂಡಿಸಿ, ಮೀನಿನ ತಿಳಿಸಾರಿನಲ್ಲಿ ಅನ್ನ ಮಿದ್ದು ಕೊಡಿ. ಕ್ಯಾಂಪಿನಲ್ಲಿ ಮೀನಿಗೇನು ಬರ, ಮನೆಮನೆಗೊಂದು ಹೊಂಡ. ಬೆಳಗಿನಿಂದ ಕತ್ತಲಾಗುವವರೆಗೂ ಎರಡು ತಾಸಿಗೊಮ್ಮೆ ಮೀನಿನ ಅನ್ನ. ಇದು ನನ್ನದೇ ತಲೆಯಿಂದ ಹುಟ್ಟಿದ ಉಪದೇಶವಲ್ಲ, ನಮ್ಮ ತರಬೇತಿಯಲ್ಲಿ ಎಲ್ಲರಿಗೂ ಹೇಳಿಕೊಟ್ಟದ್ದೇ.

ಗದ್ದೆ ಹಸಿರಾಗುವ ಹೊತ್ತಿಗೆ ಹುಣ್ಣು ತಳದಿಂದ ಕೆಂಪಗೆ ತುಂಬಿಕೊಂಡು ಬಂತು. ವಾಸನೆ ಹೋಯಿತು. ಅವನ ಕೆನ್ನೆಗೆ ಕಳೆ ಬಂತು. ಇಂಥ ಹುಣ್ಣು ಮನೆಯಲ್ಲೇ ಮಾಯುವುದು ಅಪರೂಪ. ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ ಎಂದೇ ಹೇಳಬೇಕು. ನಮ್ಮ ಮೇಲ್ವಿಚಾರಕರು ಲಿಂಗಸುಗೂರಿನಲ್ಲಿ ಆರೈಕೆದಾರರ ಸಮಾವೇಶ ಇಟ್ಟುಕೊಂಡಿದ್ದರು. ಆ ಹೆಂಡತಿಯನ್ನು ಕರೆದುಕೊಂಡು ಬಾ, ಮಗ್ಗುಲು ತಿರುಗಿಸುವುದನ್ನು ಅವಳೇ ಎಲ್ಲರಿಗೂ ತೋರಿಸಲಿ ಎಂದರು.

ಮುಂಜಾನೆಯ ಬಸ್ಸಿಗೆ ಇಬ್ಬರೂ ಹೊರಟೆವು. ಅವಳು ಹೊಸ ಸೀರೆ ಉಟ್ಟಿದ್ದಳು, ಕಿಟಕಿಯ ಪಕ್ಕ ಕೂತು ಮಸ್ಕಿಯ ಗುಡ್ಡ ಬರುವವರೆಗೂ ಹೊರಗೇ ನೋಡಿದಳು. ಸಭಾಂಗಣದಲ್ಲಿ ಲಂಬಾಣಿ ತಾಂಡಾಗಳ ಹೆಂಗಸರೇ ಹೆಚ್ಚು. ಮುಂದೆ ಎರಡು ಮೇಜು ಜೋಡಿಸಿ ಗಾದಿ ಹಾಸಿದ್ದರು. ವ್ಯಾಯಾಮ ಕಲಿಸುವ ನಮ್ಮ ಸಹೋದ್ಯೋಗಿಯೊಬ್ಬ ರೋಗಿಯಂತೆ ಅಂಗಾತ ಮಲಗಿದ. ನಾನು ಮೈಕು ಹಿಡಿದು ಅವಳ ಬಗ್ಗೆ ನಾಲ್ಕು ಮಾತು ಹೊಗಳಿ ಜಾಗ ಬಿಟ್ಟೆ.

ಅವಳು ಬಂದು ಅವನ ಕೈ ಹಿಡಿದು ಎಳೆದಳು. ಹಗ್ಗ ಎಳೆದ ಹಾಗೆ. ಅವನ ಭುಜ ಅರ್ಧ ಎದ್ದು ಮತ್ತೆ ಗಾದಿಗೆ ಬಿತ್ತು. ಆಮೇಲೆ ಕಾಲು ಹಿಡಿದಳು. ಮಂಡಿ ಮಡಚಬೇಕೆಂಬುದು, ಎದುರಿನ ಕಾಲನ್ನು ದಾಟಿಸಿಡಬೇಕೆಂಬುದು, ಸೀರೆಯ ಮಡಿಕೆ ಹಾಸಬೇಕೆಂಬುದು ಒಂದೂ ಅವಳಿಗೆ ಗೊತ್ತಿರಲಿಲ್ಲ. ಹೆಂಗಸರು ಮೊದಲು ನಕ್ಕರು. ಆಮೇಲೆ ಸುಮ್ಮನಾದರು, ಯಾಕೆಂದರೆ ಅಲ್ಲಿದ್ದವರೆಲ್ಲ ದಿನಕ್ಕೆ ಹತ್ತು ಸಲ ಆ ಕೆಲಸ ಮಾಡುವವರು. ಒಂದು ನೋಟಕ್ಕೆ ಅವರಿಗೆ ತಿಳಿದುಹೋಯಿತು. ನಾನು ಮೈಕು ಹಿಡಿದುಕೊಂಡೇ ಹತ್ತಿರ ಹೋಗಿ, ಏನವ್ವ ಇದು, ದಿನಾ ಮಾಡುವುದಿಲ್ಲವೇ ಎಂದೆ.

"ಅದನ್ನ ಪಿಶಿ ಮಾಡ್ತಾಳ್ರೀ," ಎಂದಳು. ಮೈಕಿನಲ್ಲಿ ಅದು ಇಡೀ ಸಭಾಂಗಣಕ್ಕೆ ಕೇಳಿತು.

ಮರಳುವ ಬಸ್ಸಿನಲ್ಲಿ ನಾನು ಮಸ್ಕಿಯವರೆಗೂ ಅವಳೊಡನೆ ಮಾತಾಡಲಿಲ್ಲ. ಅಷ್ಟೂ ಭೇಟಿ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂಬ ಸಿಟ್ಟು, ಮೇಲ್ವಿಚಾರಕರ ಮುಖ ನೆನೆಸಿಕೊಂಡರೆ ಅವಮಾನ. ಮಸ್ಕಿಯಲ್ಲಿ ಬಸ್ಸು ನಿಂತಾಗ ತಡೆಯಲಾರದೆ, ಸುಳ್ಳು ಯಾಕೆ ಹೇಳಿದೆ ಎಂದು ಕೇಳಿಯೇಬಿಟ್ಟೆ. ಅವಳು ನನ್ನತ್ತ ತಿರುಗಿ, ನಿಧಾನವಾಗಿ, ನನಗೇ ಪಾಠ ಹೇಳುವವಳಂತೆ ಹೇಳಿದಳು.

"ನೀವು ನೋಡ್ಕೊಳ್ಳೋರು ಯಾರಂತ ಕೇಳಿದ್ರಿ. ನಾ ಕತ್ತಲಿದ್ದಂಗ ಎದ್ದು ಅಡಗಿ ಮಾಡಿಟ್ಟು ಕೂಲಿಗೆ ಹೋಗ್ತೀನಿ. ನಾ ದುಡದ್ರ ಆ ಮನ್ಯಾಗ ಒಲಿ ಹತ್ತತೈತಿ. ಅದು ನೋಡ್ಕೊಳ್ಳೋದು ಅಲ್ಲೇನ್ರೀ?"

ಉಳಿದದ್ದನ್ನು ಅವಳೇ ಹೇಳಿದಳು. ಹೊರಗಿನವರು ಮನೆಗೆ ಬಂದರೆ ಕನ್ನಡ ಬಲ್ಲವರು ಮುಂದೆ ಬಂದು ಕೂರುವುದು ಕ್ಯಾಂಪಿನಲ್ಲಿ ಮೊದಲಿನಿಂದ ನಡೆದುಬಂದ ರೂಢಿ. ಜನಗಣತಿಯವರಿರಲಿ, ಸೂಜಿ ಚುಚ್ಚುವವರಿರಲಿ, ಹಾಗೆಯೇ. ನಾನು ಬರುವ ದಿನ ಅವಳು ಕೆಲಸ ಬಿಟ್ಟು ಮನೆಯಲ್ಲಿರುತ್ತಿದ್ದಳು, ನಾನು ಹೇಳಿದ್ದನ್ನು ಸಂಜೆ ಪಿಶಿಗೆ ಒಂದಕ್ಷರ ಬಿಡದೆ ಬಂಗಾಲಿಯಲ್ಲಿ ಒಪ್ಪಿಸುತ್ತಿದ್ದಳು. ಆ ಒಳ್ಳೊಳ್ಳೆಯ ಪ್ರಶ್ನೆಗಳೆಲ್ಲ ಪಿಶಿಯವು. ಗಂಡಸು ಯಾಕೆ ಬಾಯಿ ಬಿಡಲಿಲ್ಲ ಎಂದೆ. ಹೆಂಡತಿ ನೋಡಿಕೊಳ್ಳುತ್ತಿಲ್ಲ ಎಂದು ಹೊರಗಿನವರೆದುರು ಯಾವ ಗಂಡ ಹೇಳುತ್ತಾನೆ, ಅದೂ ಇಷ್ಟು ದುಡಿಯುವ ಹೆಂಡತಿ ಎಂದಳು. ಪುಣ್ಯಕ್ಕೆ ಸಿಂಧನೂರು ಬರುವಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು. ಹೋಗಲಿ, ಪಿಶಿಯ ಜೊತೆ ಹೊಸದಾಗಿ ಶುರು ಮಾಡಿದರಾಯಿತು ಎಂದುಕೊಂಡು ಅವಳ ಜೊತೆಗೇ ಆಟೋ ಹತ್ತಿದೆ.

ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಮಂಚದ ಮೇಲಿನವನು ಬಂಗಾಲಿಯಲ್ಲಿ ಕೂಗುತ್ತಿದ್ದ, ದನಿ ಬಿದ್ದುಹೋಗಿತ್ತು. ಪಿಶಿ ಪಂಪಿನ ಹತ್ತಿರ ಹೋಗಿ ಬಹಳ ಹೊತ್ತಾಯಿತು, ಕರೆದರೆ ಓಗೊಡುತ್ತಿಲ್ಲ ಎಂದ. ಹಿತ್ತಲಿಗೆ ಓಡಿದೆವು. ಕೈಪಂಪಿನ ಕಟ್ಟೆಗೆ ಒರಗಿ ಆಕೆ ಕೂತಿದ್ದಳು. ಕತ್ತರಿಸಿದ ಬಿಳಿಕೂದಲು, ಮೈಗೆ ಅಂಟಿದ ಒದ್ದೆ ಬಿಳಿಸೀರೆ, ಕಣ್ಣು ತೆರೆದೇ ಇದೆ, ಆದರೆ ನಮ್ಮನ್ನು ನೋಡುತ್ತಿಲ್ಲ. ಪಿಶಿಯನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಎತ್ತಲು ಕಂಕುಳಿಗೆ ಕೈ ಹಾಕಿದೆ. ಶಿವನೇ, ಕೂಸನ್ನು ಎತ್ತಿದ ಹಾಗೆ ಎದ್ದು ಬಂದಳು. ಈ ಮೈಯಿಂದ ಆ ಗಂಡಸನ್ನು ಹಗಲೆಲ್ಲ ತಿರುಗಿಸುತ್ತಿದ್ದಳೇ?

ಒಣಸೀರೆ ತರಲು ಗುಡಿಸಲಿಗೆ ಹೊಕ್ಕೆ. ಸಾರಿಸಿದ ಸಣ್ಣ ಒಲೆ, ಅದರಲ್ಲಿ ಒಂದು ಚಿಟಿಕೆ ಬೂದಿಯಿಲ್ಲ. ಪಕ್ಕದ ಡಬ್ಬಿಯಲ್ಲಿ ಅಕ್ಕಿ ತುಂಬಿತ್ತು, ಹೆಸರುಬೇಳೆ ಇತ್ತು, ಇನ್ನೊಂದರಲ್ಲಿ ಸ್ವಲ್ಪ ಮಂಡಕ್ಕಿ. ಆ ಒಲೆ ಹತ್ತಿ ದಿನಗಳೇ ಆಗಿದ್ದವು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರು, ಬಾಟಲಿ ಏರಿಸಿದರು. ಆಮೇಲೆ ನನ್ನನ್ನು ಬಾಗಿಲ ಹೊರಗೆ ಕರೆದು, ಇದು ಬೇರೇನೂ ರೋಗವಲ್ಲ, ಈಕೆಗೆ ಅನ್ನ ಸಿಕ್ಕಿಲ್ಲ, ಮನೆಯಲ್ಲಿ ಯಾರಾದರೂ ಉಪವಾಸ ಕೆಡವಿದ್ದಾರೇನು ವಿಚಾರಿಸಿ ಎಂದರು. ಸುಳ್ಳೇಕೆ, ನನ್ನ ಗುಮಾನಿ ಹೋದದ್ದು ಹೆಂಡತಿಯ ಮೇಲೆ. ಅವಳೋ ಬಾಗಿಲಲ್ಲಿ ನಿಂತು ಡಾಕ್ಟರಮ್ಮನ ಮಾತು ಕೇಳಿ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಪಿಶಿಯ ಅಡುಗೆ ಪಿಶಿಯದು, ಅದನ್ನು ಮುಟ್ಟಲೂ ಬಾರದು, ಇಣುಕಲೂ ಬಾರದು, ಆಕೆ ಉಣ್ಣುತ್ತಿದ್ದಾಳೆಂದೇ ತಿಳಿದಿದ್ದೆವು ಎಂದಳು.

ಮರುದಿನ ಪಿಶಿಗೆ ಮಾತಾಡುವಷ್ಟು ಚೇತರಿಕೆ ಬಂದ ಮೇಲೆ ನಾನು ಸ್ಟೂಲು ಎಳೆದುಕೊಂಡು ಕೂತೆ. ಮುಂಜಾನೆಯಿಂದ ಮಲಗುವವರೆಗೂ ಏನೇನು ಮಾಡುತ್ತೀರಿ, ಒಂದೊಂದೇ ಹೇಳಿ ಎಂದೆ. ಹೆಂಡತಿ ಬಂಗಾಲಿಯಲ್ಲಿ ಕೇಳಿ ಕನ್ನಡದಲ್ಲಿ ಹೇಳುತ್ತ ಹೋದಳು. ಪಿಶಿ ವಿಧವೆಯಾದಂದಿನಿಂದ ಮೀನು ಮುಟ್ಟಿದವಳಲ್ಲ. ಈಗಿನವರು ಅದನ್ನೆಲ್ಲ ಬಿಟ್ಟಿದ್ದಾರೆ, ಕ್ಯಾಂಪಿನಲ್ಲೂ ಬಿಟ್ಟಿದ್ದಾರೆ, ಪಿಶಿ ಬಿಟ್ಟಿಲ್ಲ. ಮೀನಿನ ಅನ್ನ ಕಲಸಿ ಉಣಿಸಿದ ಕೈ ಮೈಲಿಗೆ, ಉಟ್ಟ ಸೀರೆ ಮೈಲಿಗೆ. ತಲೆಗೆ ನೀರು ಹಾಕಿಕೊಂಡು ಸೀರೆ ಬದಲಿಸದೆ ತನ್ನ ಒಲೆ ಹೊತ್ತಿಸುವಂತಿಲ್ಲ. ಅನ್ನ ಉಣ್ಣುವುದು ದಿನಕ್ಕೆ ಒಂದೇ ಸಲ, ಅದೂ ಹೊತ್ತು ಮುಳುಗುವುದರೊಳಗೆ. ಮುಳುಗಿದ ಮೇಲೆ ಮಂಡಕ್ಕಿ, ನೀರು, ಅಷ್ಟೇ. ಏಕಾದಶಿಗೆ ಅದೂ ಇಲ್ಲ.

ಮೊದಲು ಅವನು ದಿನಕ್ಕೆರಡು ಸಲ ಉಣ್ಣುವಾಗ ನಡುವೆ ಅವಳಿಗೆ ಹೊತ್ತು ಸಿಗುತ್ತಿತ್ತು. ಮಿಂದು, ಅಕ್ಕಿ ಬೇಯಿಸಿ, ಉಂಡು ಮತ್ತೆ ಬರುತ್ತಿದ್ದಳು. ಈಗ ಮಿಂದು ಬಂದು ಒಲೆಗೆ ಕಟ್ಟಿಗೆ ಇಡುವಷ್ಟರಲ್ಲಿ ಅವನನ್ನು ತಿರುಗಿಸುವ ಹೊತ್ತು. ತಿರುಗಿಸಿ, ತೊಳೆದು, ಉಣಿಸಿದರೆ ಮತ್ತೆ ಮೈಲಿಗೆ, ಮತ್ತೆ ಪಂಪು. ಹಾಗೆ ಹೊತ್ತು ಮುಳುಗುತ್ತಿತ್ತು. ಅವನು ತುಂಬಿಕೊಳ್ಳುತ್ತ ಬಂದ, ಇವಳು ಆರಿಕೊಳ್ಳುತ್ತ ಹೋದಳು.

ಯಾಕೆ ಹೀಗೆ ಮಾಡಿದಿರಿ ಎಂದು ನಾನು ಕೇಳಿದ್ದು ಅವಳಿಗೆ ನೇರವಾಗಿಯೇ ಅರ್ಥವಾಯಿತು. ಕ್ಯಾಂಪಿನಲ್ಲಿ ಇಷ್ಟು ಕಾಲ ಬಾಳಿದವಳು, ಸಂತೆಯ ಕನ್ನಡ ಅಷ್ಟಿಷ್ಟು ಬಲ್ಲವಳು. ನನ್ನತ್ತ ನೋಡಿ, ಅಷ್ಟೂ ಮುಗ್ಧವಾಗಿ ಹೇಳಿದಳು.

"ನೀನೇ ಹೇಳಿದಿ ಅಲ್ಲಾ ಮಗಳ. ಎರಡ ತಾಸಿಗೊಮ್ಮಿ."

ಆ ಮಾತು ನನ್ನ ಕಿವಿಯಲ್ಲಿ ಕಾದ ಎಣ್ಣೆ ಹೊಯ್ದಂತೆ ಇಳಿಯಿತು. ಎದ್ದು ಹೊರಗೆ ಹೋಗಿ ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಂತೆ. ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದಕ್ಕೆಂದೇ ನನಗೆ ಪಗಾರ ಕೊಡುತ್ತಾರೆ. ನಾನು ಕಲಿಸಿದ್ದನ್ನು ಅಕ್ಷರ ಬಿಡದೆ ಪಾಲಿಸಿದವಳು ಅದರಿಂದಲೇ ಸಾಯಲು ಹೊರಟಿದ್ದಳು.

ವಾರದೊಳಗೆ ಪಿಶಿ ಮನೆಗೆ ಬಂದಳು. ಅಷ್ಟು ದಿನ ಹೆಂಡತಿ ಕೂಲಿ ಬಿಟ್ಟು, ನೆರೆಮನೆಯವರ ನೆರವಿನಿಂದ ಗಂಡನನ್ನು ನೋಡಿಕೊಂಡಿದ್ದಳು. ಇನ್ನೊಮ್ಮೆ ಹೀಗಾದರೆ ಎದೆ ತಡೆಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿಯೇ ಕಳಿಸಿದ್ದರು. ಮೇಲ್ವಿಚಾರಕರು ನಮ್ಮ ಬಿಡುವಿನ ಸೇವೆಯಿಂದ ಒಬ್ಬ ಸಹಾಯಕಿಯನ್ನು ಹಾಕಿಕೊಟ್ಟರು. ಅವಳು ಬಂದು ಉಣಿಸಿ ಹೋಗುವುದು, ಪಿಶಿ ತನ್ನ ಪಾಡಿಗೆ ಅಡುಗೆ ಮಾಡಿಕೊಳ್ಳುವುದು ಎಂಬ ಲೆಕ್ಕ. ಮೊದಲು ಕಳಿಸಿದವಳು ಶಾಕಾಹಾರಿ, ಮೀನಿನ ಪಾತ್ರೆ ಕಂಡು ಹೊಸ್ತಿಲಿಂದಲೇ ವಾಪಸಾದಳು. ಎರಡನೆಯವಳು ದಢೇಸುಗೂರಿನವಳು, ಮೀನು ಉಣ್ಣುವವಳೇ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ನಾನು ಅಲ್ಲೇ ಇದ್ದೆ. ಅವನಿಗೆ ತುತ್ತು ಕೊಡುತ್ತಿದ್ದಂತೆ ಅವನ ಕಣ್ಣು ಮೇಲಕ್ಕೆ ಹೋಯಿತು, ಮುಖ ಕಪ್ಪಿಟ್ಟಿತು. ಮುಳ್ಳು. ಹೊಂಡದ ಸಣ್ಣ ಮೀನಿನಲ್ಲಿ ಕೂದಲಿನಂಥ ಮುಳ್ಳುಗಳಿರುತ್ತವೆ, ಕೈ ಬಲ್ಲವರಿಗೇ ಅವು ಸಿಗುವುದು. ನಮಗಾದರೆ ಕೆಮ್ಮಿದರೆ ಹೋಗುತ್ತದೆ. ಅವನಿಗೆ ಕೆಮ್ಮುವ ಶಕ್ತಿಯೇ ಇಲ್ಲ, ಪೆಟ್ಟು ಬಿದ್ದಾಗಲೇ ಹೋಗಿದೆ. ನಾನು ಅವನನ್ನು ಮುಂದಕ್ಕೆ ಬಾಗಿಸಿ ಪಕ್ಕೆಲುಬಿನ ಕೆಳಗೆ ಎರಡೂ ಕೈ ಕೊಟ್ಟು ಒತ್ತುತ್ತಿದ್ದೆ. ಪಿಶಿ ಎಲ್ಲಿದ್ದಳೋ ಓಡಿಬಂದು, ಗಂಟಲೊಳಗೆ ಎರಡು ಬೆರಳು ಇಳಿಬಿಟ್ಟು ಅದನ್ನು ಎತ್ತಿ ತೆಗೆದಳು. ಸಹಾಯಕಿ ಅಳುತ್ತ ಚೀಲ ಎತ್ತಿಕೊಂಡು ಹೋದಳು. ಪಿಶಿ ಕೈ ತೊಳೆದು, ಅದೇ ತಟ್ಟೆ ತೆಗೆದುಕೊಂಡು, ಉಳಿದ ಅನ್ನ ಉಣಿಸಲು ಕೂತಳು. ಅಂದು ಅವಳ ಒಲೆ ಹತ್ತಲಿಲ್ಲ.

ಆಮೇಲೆ ನಾನು ಇನ್ನೊಂದು ದಾರಿ ಹುಡುಕಿದೆ. ಅವನ ಊಟದಿಂದ ಮೀನನ್ನೇ ತೆಗೆಯೋಣ. ಹೆಸರುಬೇಳೆ, ಹಾಲು, ಶೇಂಗಾ ಅರೆದು ಕೊಟ್ಟರೂ ಸತ್ವ ಸಿಗುತ್ತದೆ. ಪಿಶಿಯ ಒಲೆಯಲ್ಲೇ ಇಬ್ಬರಿಗೂ ಬೇಯಲಿ, ಮೈಲಿಗೆಯೂ ಇಲ್ಲ, ಮೀಯುವುದೂ ಇಲ್ಲ. ಇದನ್ನು ಹೇಳುವಾಗ ನನಗೆ ನನ್ನ ಬುದ್ಧಿಯ ಬಗ್ಗೆ ಮೆಚ್ಚುಗೆಯೂ ಇತ್ತು. ಹೆಂಡತಿ ಅದನ್ನು ಬಂಗಾಲಿಗೆ ತಿರುಗಿಸಿದ್ದೇ ತಡ, ಪಿಶಿಯ ಮುಖ ಬಿಳುಚಿತು. ನನ್ನ ಖೋಕಾ ಬದುಕಿರುವಾಗಲೇ ಅವನಿಗೆ ರಂಡೆಯ ಊಟ ಹಾಕಲೇ ಎಂದಳಂತೆ. ಖೋಕಾ ಎಂದರೆ ಕೂಸು. ನಲವತ್ತು ವರ್ಷದ ಗಂಡಸನ್ನು ಅವಳು ಹಾಗೇ ಕರೆಯುವುದು. ಎದ್ದು ಹೋಗಿ ಗುಡಿಸಲಿನ ಬಾಗಿಲು ಹಾಕಿಕೊಂಡಳು. ಹಾಗಾದರೆ ಮೊದಲು ನೀವು ಉಂಡು ಆಮೇಲೆ ಅವನಿಗೆ ಉಣಿಸಿ ಎಂದು ಬಾಗಿಲಲ್ಲೇ ನಿಂತು ಹೇಳಿದೆ. ಹಸಿದ ಕೂಸನ್ನು ಮಲಗಿಸಿಟ್ಟು ಯಾವ ಹೆಂಗಸು ಮೊದಲು ತಾನು ಉಣ್ಣುತ್ತಾಳೆ ಎಂದು ಒಳಗಿಂದ ಉತ್ತರ ಬಂತು. ನನಗೆ ತಲೆ ಕೆಟ್ಟುಹೋಯಿತು. ಇಂಥ ಹಟಮಾರಿ ಮುದುಕಿಯನ್ನು ನಾನು ಕಂಡೇ ಇರಲಿಲ್ಲ.

ಇಷ್ಟೆಲ್ಲ ನಡೆದರೂ ಮಂಚದ ಮೇಲಿನವನಿಗೆ ನಿಜ ತಿಳಿದಿರಲಿಲ್ಲ. ಪಿಶಿ ಬಿಪಿ ಏರಿ ತಲೆಸುತ್ತಿ ಬಿದ್ದಳು ಎಂದು ಹೇಳಿಟ್ಟಿದ್ದರು. ಹೇಳಬೇಡಿ ಎಂದು ಪಿಶಿ ಆಣೆ ಹಾಕಿಸಿಕೊಂಡಿದ್ದಳು. ನಮ್ಮ ಸಂಸ್ಥೆಯ ನಿಯಮವೂ ಅದೇ: ಆರೈಕೆಯ ಭಾರವನ್ನು ರೋಗಿಯ ತಲೆಗೆ ಕಟ್ಟಬಾರದು, ಅವನು ಮನಸ್ಸಿಗೆ ಹಚ್ಚಿಕೊಂಡು ಕುಸಿಯುತ್ತಾನೆ. ಮೇಲ್ವಿಚಾರಕರು ಫೋನಿನಲ್ಲಿ ಎರಡು ಸಲ ಎಚ್ಚರಿಸಿದರು. ನಾನು ಒಂದು ರಾತ್ರಿ ಹೊರಳಾಡಿದೆ. ಅವನ ಕೈಕಾಲು ಹೋಗಿವೆ, ತಲೆ ಹೋಗಿಲ್ಲ. ಆ ಮನೆಯಲ್ಲಿ ಪಿಶಿ ಮಾತು ಕೇಳುವುದಿದ್ದರೆ ಅವನೊಬ್ಬನದೇ. ಬೆಳಿಗ್ಗೆ ಹೋದವಳೇ ಅವನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಒಲೆಯಲ್ಲಿ ಬೂದಿಯಿರಲಿಲ್ಲ ಎಂಬುದನ್ನೂ ಹೇಳಿದೆ.

ಅವನು ಚಾವಣಿ ನೋಡುತ್ತಲೇ ಕೇಳಿದ. ದಿನವೆಲ್ಲ ಪಂಪಿನ ಸದ್ದು ಕೇಳುತ್ತಿತ್ತು, ವಯಸ್ಸಾಯಿತು, ಮಡಿಯ ಹುಚ್ಚು ಏರಿದೆ ಎಂದು ನಾನೇ ನಗುತ್ತಿದ್ದೆ ಎಂದ. ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಅವನಿಗೆ ಕೈಯಿಲ್ಲ. ನಾನು ಒರೆಸಿದೆ.

ಸ್ವಲ್ಪ ಹೊತ್ತಿಗೆ ಪಿಶಿ ಮೀನಿನ ಅನ್ನ ಮಿದ್ದುಕೊಂಡು ಬಂದಳು. ಅವನು ಬಾಯಿ ತೆರೆಯಲಿಲ್ಲ. ಅವಳು ತುತ್ತನ್ನು ತುಟಿಗೆ ತಾಗಿಸಿದಳು. ಅವನು ಹಲ್ಲು ಕಚ್ಚಿದ. ಬಂಗಾಲಿಯಲ್ಲಿ ಏನೋ ಹೇಳಿದ, ಆಮೇಲೆ ನನಗೂ ತಿಳಿಯಲೆಂದು ಕನ್ನಡದಲ್ಲೂ ಹೇಳಿದ.

"ಪಿಶಿ ಉಂಡ ಮ್ಯಾಲ ನಾ ಉಣ್ತೀನ್ರೀ. ಅಲ್ಲೀತನಕಾ ಬಾಯಿ ತೆರಿಯಂಗಿಲ್ಲ."

ಅವಳು ಬೇಡಿಕೊಂಡಳು, ಗದರಿದಳು, ಅವನ ಎದೆಗೆ ಹಣೆ ಹಚ್ಚಿ ಅತ್ತಳು. ಅವನು ಜಗ್ಗಲಿಲ್ಲ. ತಟ್ಟೆಯ ಅನ್ನ ಆರಿತು. ಅವಳೂ ಹಟಕ್ಕೆ ಬಿದ್ದು ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು, ನೀನು ಉಣ್ಣದೆ ನಾನು ಉಣ್ಣುವುದಿಲ್ಲ ಎಂದು. ಹೊತ್ತು ಹೊತ್ತಿಗೆ ಎದ್ದು ಮಗ್ಗುಲು ಮಾತ್ರ ತಿರುಗಿಸುತ್ತಿದ್ದಳು. ಅಂದು ನಾನು ಕಣ್ಣಾರೆ ನೋಡಿದೆ: ಮಂಡಿ ಮಡಚಿ, ಕಾಲು ದಾಟಿಸಿ, ಸೀರೆಯ ಮಡಿಕೆ ಹಿಡಿದು ಒಂದೇ ಸಲಕ್ಕೆ, ನಾನು ಕಲಿಸಿದ್ದಕ್ಕಿಂತ ಮೆತ್ತಗೆ. ಅವನ ಹುಣ್ಣು ಇನ್ನೂ ಪೂರಾ ಮಾಯ್ದಿಲ್ಲ, ಅವಳ ಎದೆ ಗಟ್ಟಿಯಿಲ್ಲ, ಇಬ್ಬರೂ ನನ್ನ ಮಾತಿನಿಂದ ಉಪವಾಸ ಬಿದ್ದಿದ್ದಾರೆ. ಸಂಜೆ ಮೇಲ್ವಿಚಾರಕರಿಗೆ ಫೋನು ಮಾಡಿದರೆ ಅವರು ಉಗಿದು ಉಪ್ಪು ಹಾಕಿದರು. ಬೆಳಗಾಗುವುದರೊಳಗೆ ಸರಿಹೋಗದಿದ್ದರೆ ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಿ, ಆಮೇಲೆ ಆಫೀಸಿಗೆ ಬಾ ಎಂದರು. ಕೆಲಸ ಹೋಯಿತೆಂದೇ ತಿಳಿದೆ. ಆ ಮನೆಯಲ್ಲೇ ಉಳಿದೆ. ಅವನಿಗೆ ನೀರನ್ನಷ್ಟೇ ನಾನು ಚಮಚದಲ್ಲಿ ಕೊಟ್ಟೆ, ಅದನ್ನು ಕುಡಿದ.

ಬೆಳಗಾಯಿತು. ಹೆಂಡತಿ ಕೂಲಿಗೆ ಹೋಗಲಿಲ್ಲ. ಪಿಶಿ ಕಾಯಿಸಿದ ತಿಳಿಸಾರು ತಂದು ಮತ್ತೆ ಅವನ ಬಾಯಿಯ ಹತ್ತಿರ ಹಿಡಿದಳು. ಅವನ ತುಟಿ ಒಣಗಿ ಬಿರಿದಿತ್ತು. ಅವನು ಕಣ್ಣು ಮುಚ್ಚಿ ತಲೆಯನ್ನು ಅಡ್ಡಡ್ಡ ಆಡಿಸಿದ. ಅವಳು ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ಬಟ್ಟಲನ್ನು ಹೆಂಡತಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು. ಪಂಪಿನ ಸದ್ದು ಕೇಳಿತು. ಅದು ನಿಂತಿತು. ಸ್ವಲ್ಪ ಹೊತ್ತಿಗೆ ಗುಡಿಸಲಿನ ಗರಿಗಳ ನಡುವಿನಿಂದ ಹೊಗೆ ಏಳತೊಡಗಿತು.

ನಾನೂ ಹೆಂಡತಿಯೂ ಹಿತ್ತಲ ಬಾಗಿಲಲ್ಲಿ ನಿಂತಿದ್ದೆವು. ಅನ್ನ ಬೆಂದ ವಾಸನೆ ಬಂತು. ಗುಡಿಸಲಿಗೆ ಕದ ಇತ್ತು, ಅಂದು ಅವಳು ಅದನ್ನು ಹಾಕಿಕೊಳ್ಳಲಿಲ್ಲ. ಹಾಕಿಕೊಂಡರೆ ಮಂಚದ ಮೇಲಿನವನು ನಂಬುವುದಿಲ್ಲ ಎಂದು ಅವಳಿಗೆ ಗೊತ್ತಿರಬೇಕು. ನಮಗೆ ಬೆನ್ನು ಮಾಡಿ ಕೂತಳು. ಕಂಚಿನ ತಟ್ಟೆಯಲ್ಲಿ ಬಿಸಿ ಅನ್ನ, ಹೆಸರುಬೇಳೆ, ಬೇಯಿಸಿದ ಆಲೂಗಡ್ಡೆ. ಮೊದಲ ತುತ್ತು ಬಾಯಿಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಆ ಬಾಗಿದ ಬೆನ್ನು ಸ್ವಲ್ಪ ಸ್ವಲ್ಪ ಅಲುಗಿತು, ಉಣ್ಣುವವರ ಬೆನ್ನು ಅಲುಗುವ ಹಾಗೆ.

ಒಳಗಿನಿಂದ ಅವನು, ಉಂಡಳೇನು ಎಂದು ಕೂಗಿ ಕೇಳಿದ. ಉತ್ತರ ಕೊಡಬೇಕಾದ ಹೆಂಡತಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹೇಳವ್ವ ಎಂದು ನಾನು ಅವಳ ಭುಜ ಮುಟ್ಟಿದೆ. ಅವಳು ಕಣ್ಣು ಕೀಳದೆ, ನನಗಷ್ಟೇ ಕೇಳುವಂತೆ ಹೇಳಿದಳು.

"ಈ ಮನಿಗೆ ಸೊಸಿಯಾಗಿ ಬಂದು ಹನ್ನೊಂದು ವರ್ಷ ಆತ್ರೀ. ಪಿಶಿ ಉಣ್ಣೋದನ್ನ ನಾ ಇವತ್ತೇ ನೋಡಿದ್ದು."